ಕಾವೇರಿಯ ದೊಡ್ಡ ಮೀನು ಯಾವುದು ಅಂತ ಗೊತ್ತಾಗಿದ್ದು 2018ರಲ್ಲಿ!

[ದೃಶ್ಯ: ಮುತ್ತತ್ತಿ. ಬಂಡೆಗಳ ನಡುವೆ ಹರಿಯುವ ಕಾವೇರಿ]

ನಮಸ್ಕಾರ. ಇದು ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಕಾವೇರಿಯಲ್ಲಿ ಒಂದು ಮೀನಿದೆ. ಬೆನ್ನು ಗೂನು, ಈಜುರೆಕ್ಕೆ ಕಿತ್ತಳೆ ಬಣ್ಣ. ಗೂನುಬೆನ್ನಿನ ಮಹಶೀರ್ ಅನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಹಿಡಿದ ಮಹಶೀರ್ ಎಷ್ಟು ತೂಗಿತ್ತು ಗೊತ್ತಾ? 120 ಪೌಂಡ್, ಸುಮಾರು 54 ಕೆಜಿ! ಬೇಟೆಯಾಡಿದ ಹುಲಿ, ಚಿರತೆಗಳನ್ನು ಜೀವ ಇದ್ದ ಹಾಗೆ ತಯಾರು ಮಾಡಿ ನಿಲ್ಲಿಸುತ್ತಿದ್ದರಲ್ಲ, ಅದೇ ವ್ಯಾನ್ ಇಂಗೆನ್.

ಇಷ್ಟು ಹೆಸರುವಾಸಿ ಮೀನು. ಆದರೆ ಇದು ಯಾವ ಪ್ರಭೇದ ಅನ್ನೋದು 2018ರವರೆಗೆ ಇತ್ಯರ್ಥವೇ ಆಗಿರಲಿಲ್ಲ.

[ಪರದೆ ಮೇಲೆ: ಲಿನೇಯಸ್ ಚಿತ್ರ]

ಸ್ವಲ್ಪ ಹಿಂದಕ್ಕೆ ಹೋಗೋಣ. ಪ್ರತಿ ಜೀವಿಗೂ ಎರಡು ಪದದ ಹೆಸರಿಡುವ ಪದ್ಧತಿಯನ್ನು ಊರ್ಜಿತಕ್ಕೆ ತಂದವರು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಗಿಡಗಳ ಹೆಸರಿಗೆ 1753, ಪ್ರಾಣಿಗಳ ಹೆಸರಿಗೆ 1758 ಮೊದಲ ವರ್ಷ ಅಂತ ಲೆಕ್ಕ. ಮೊದಲ ಪದ ಜಾತಿಯದು, ಅಂದರೆ ಹತ್ತಿರದ ನಂಟಿರುವ ಪ್ರಭೇದಗಳ ಗುಂಪಿನದು. ಎರಡೂ ಸೇರಿದರೇನೇ ಪ್ರಭೇದದ ಹೆಸರು. ಮಹಶೀರ್‌ಗಳ ಜಾತಿ ಟಾರ್. ಅದರ ಮೇಲೆ ಕುಟುಂಬ, ಗಣ, ವರ್ಗ ಅಂತ ಹೋಗುತ್ತದೆ, ಸ್ಕೂಲಲ್ಲಿ ಓದಿದ್ದೇವೆ. ಅಂದ ಹಾಗೆ, ಮಾರ್ಕೆಟ್ಟಿನ ಕಾಟ್ಲಾ, ರೋಹು ಕೂಡ ಮಹಶೀರ್ ಕುಟುಂಬದವೇ.

ಹೊಸ ಹೆಸರಿಡೋದು ಸುಮ್ನೆ ಅಲ್ಲ. ಮಾದರಿ ಒಂದನ್ನು ಆರಿಸಿ ಜೋಪಾನವಾಗಿ ಇಡಬೇಕು. ಅದರ ವಿವರಣೆ ಪ್ರಕಟಿಸಬೇಕು. ಒಂದೇ ಜೀವಿಗೆ ಇಬ್ಬರು ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಗೆಲ್ಲುತ್ತದೆ.

[ದೃಶ್ಯ: ಎರಡು ಮಹಶೀರ್‌ಗಳ ಚಿತ್ರ ಅಕ್ಕಪಕ್ಕ]

ಈಗ ನಮ್ಮ ಹೊಳೆಗೆ ಬರೋಣ. ಇನ್ನೊಂದು ಮಹಶೀರ್ ಇದೆ, ಟಾರ್ ಖುದ್ರೀ. ರೆಕ್ಕೆ ನೀಲಿ. ಇದನ್ನು ಮೊದಲು ವಿವರಿಸಿದ್ದು ಪುಣೆ ಕಡೆಯ ಹೊಳೆಯಿಂದ. ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಯಿತು ಅಂತ ಇದರ ಮರಿಗಳನ್ನೇ ಸಾಕಿ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ನೀಲಿ ರೆಕ್ಕೆಯದು ಜಾಸ್ತಿಯಾಯಿತು, ಗೂನುಬೆನ್ನಿನದು ಕಾಣೋದೇ ಅಪರೂಪವಾಯಿತು. ಎಲ್ಲವನ್ನೂ 'ಮಹಶೀರ್' ಅಂತ ಒಟ್ಟಿಗೆ ಎಣಿಸಿದರೆ ನಷ್ಟ ಕಣ್ಣಿಗೇ ಬೀಳೋದಿಲ್ಲ, ಅಲ್ವಾ? ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸೋಣ ಅಂದರೆ ಯಾವ ಹೆಸರಲ್ಲಿ ಸೇರಿಸೋದು?

2018ರಲ್ಲಿ ಸಂಶೋಧಕರು ಮೈಕಟ್ಟು, ಡಿಎನ್ಎ ಎರಡನ್ನೂ ಹೋಲಿಸಿದರು. ಕೇರಳದ ಪಾಂಬಾರ್ ಹೊಳೆಯ ಒಂದು ಮಹಶೀರ್‌ಗೆ ಅದಾಗಲೇ ಹೆಸರಿಟ್ಟಿದ್ದರು: ಟಾರ್ ರೆಮಾದೇವಿಐ. ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು. ಪಾಂಬಾರ್ ನೀರು ಅಮರಾವತಿ ಮೂಲಕ ಕಾವೇರಿಗೇ ಸೇರುತ್ತದೆ. ನಮ್ಮ ಗೂನುಬೆನ್ನಿನದೂ ಅದೇ ಪ್ರಭೇದ! ಹಾಗಾಗಿ ಹೊಸ ಹೆಸರಿನ ಅವಕಾಶವೇ ಇರಲಿಲ್ಲ. ಅದೇ ವರ್ಷ ಕೆಂಪು ಪಟ್ಟಿಗೂ ಸೇರಿತು, 'ತೀವ್ರ ಅಪಾಯದಲ್ಲಿದೆ' ಅನ್ನುವ ಸಾಲಿನಲ್ಲಿ.

ಟಾರ್ ಜಾತಿಯಲ್ಲಿ ಒಟ್ಟು ಎಷ್ಟು ಪ್ರಭೇದ ಅನ್ನುವ ವಾದ ಇನ್ನೂ ನಡೆದೇ ಇದೆ. ಮಳವಳ್ಳಿ, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆ ಹೊಳೆ ದಂಡೆಯಲ್ಲಿ ಇರುವವರೇ, ನಿಮ್ಮ ಮನೆಯ ಹಿರಿಯರು ಈ ಮೀನನ್ನು ಏನಂತ ಕರೆಯುತ್ತಿದ್ದರು? ಕಾಮೆಂಟಲ್ಲಿ ಬರೆಯಿರಿ.