ಇಳಕಲ್ ಸೀರೆಯ ಕೊಂಡಿ ಮುಟ್ಟಿ ನೋಡಿದ್ದೀರಾ?

(ಹತ್ತಿರದ ಶಾಟ್: ಮಂಚದ ಮೇಲೆ ಹಾಸಿದ ಕಡುನೀಲಿ ಇಳಕಲ್ ಸೀರೆ. ಬೆರಳು ನಿಧಾನವಾಗಿ ಒಡಲಿನಿಂದ ಸೆರಗಿನ ಕಡೆ ಸರಿಯುತ್ತದೆ.)

ನನ್ನ ಬೆರಳು ಈಗ ಎಲ್ಲಿ ನಿಂತಿದೆ ನೋಡಿ. ಇಲ್ಲಿವರೆಗೆ ನೀಲಿ ಹತ್ತಿ, ಇಲ್ಲಿಂದ ಆಚೆ ಕೆಂಪು ರೇಷ್ಮೆ. ನಡುವೆ ಒಂದು ಗೆರೆ ಇದೆ. ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಆದರೆ ಕಣ್ಣು ಮುಚ್ಚಿ ಸವರಿದರೆ ಬೆರಳಿಗೆ ತಟ್ಟನೆ ಸಿಗುತ್ತದೆ. ಇಲ್ಲಿ ಸೂಜಿ ಆಡಿಲ್ಲ, ಎರಡು ಬಟ್ಟೆ ತಂದು ಹೊಲಿದದ್ದಲ್ಲ ಇದು. ಇದಕ್ಕೆ ಕೊಂಡಿ ಅಂತಾರೆ.

ಎಲ್ಲರಿಗೂ ನಮಸ್ಕಾರ. ಇವತ್ತು ಈ ಗೆರೆಯಿಂದಲೇ ಶುರು ಮಾಡೋಣ.

ಸೀರೆ ನಮ್ಮಜ್ಜಿಯದು. ಟ್ರಂಕಿನಿಂದ ತೆಗೆದು ಎರಡು ದಿನ ಆಯ್ತು, ನುಸಿಗುಳಿಗೆ ವಾಸನೆ ಇನ್ನೂ ಹೋಗಿಲ್ಲ. ಚಿಕ್ಕವಳಿದ್ದಾಗ ಎಷ್ಟೋ ಸಲ ಇದೇ ಸೆರಗಿಗೆ ಮುಖ ಒರೆಸಿದ್ದೀನಿ, ಆದರೆ ಈ ಗೆರೆ ಮಾತ್ರ ಯಾವತ್ತೂ ಕಂಡಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಮಗ್ಗದ ಮುಂದೆ ಕೂತು ನೋಡಿದ ಮೇಲೇ ಇದು ಏನು ಅಂತ ಗೊತ್ತಾಗಿದ್ದು.

(ಶಾಟ್: ಗುಂಡಿ ಮಗ್ಗ. ನೇಕಾರರ ಕಾಲು ಕೆಳಗೆ ತುಳಿಯುತ್ತಿದೆ, ಮೇಲೆ ಲಾಳಿ ಓಡುತ್ತಿದೆ.)

ಮೊದಲು ಎರಡು ಮಾತು. ಬಟ್ಟೆಯಲ್ಲಿ ಉದ್ದಕ್ಕೆ ಬರುವ ಎಳೆ ಹಾಸು, ಅಡ್ಡಕ್ಕೆ ಲಾಳಿ ತರುವ ಎಳೆ ಹೊಕ್ಕು. ದಿನಾ ಮಾತಿನಲ್ಲಿ "ಹಾಸುಹೊಕ್ಕಾಗಿದೆ" ಅಂತೀವಲ್ಲ, ಆ ಮಾತು ಬಂದದ್ದೇ ಮಗ್ಗದಿಂದ. ಸಾಮಾನ್ಯವಾಗಿ ನೇಯುವವರು ಮಗ್ಗಕ್ಕೆ ಒಂದೇ ಉದ್ದನೆಯ ಹಾಸು ಏರಿಸಿ, ಅದರಲ್ಲೇ ಒಂದಾದ ಮೇಲೊಂದು ಸೀರೆ ನೇಯ್ದು, ಕೊನೆಗೆ ಕತ್ತರಿಸಿಕೊಳ್ಳುತ್ತಾರೆ. ಇಳಕಲ್‌ನಲ್ಲಿ ಹಾಗಿಲ್ಲ. ಇಲ್ಲಿ ಒಂದು ಸೀರೆಗೆ ಒಂದು ಹಾಸು. 6 ವಾರಿ ಸೀರೆ ಬೇಕಾ, 6 ವಾರಿ ಹಾಸು. 8 ಬೇಕಾ, 8. 9 ಬೇಕಾ, 9. ಯಾಕಂದ್ರೆ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿಗೆ ಹತ್ತಿ. ಸೆರಗಿಗೆ ಕೆಂಪು ರೇಷ್ಮೆ, ಈಗ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಕೂಡ ಹಾಕುತ್ತಾರೆ. ಹತ್ತಿ ಎಳೆಯ ಕುಣಿಕೆಯೊಳಗೆ ರೇಷ್ಮೆ ಎಳೆಯ ಕುಣಿಕೆ ಸೇರಿಸಬೇಕು, ಒಂದೊಂದೇ, ಸೀರೆಯ ಅಗಲಕ್ಕೂ ಇರುವ ಸಾವಿರಾರು ಎಳೆಗಳಿಗೂ, ಕೈಯಿಂದಲೇ. ನಡುವೆ ಒಂದು ಎಳೆ ತಪ್ಪಿತೋ, ಅಲ್ಲೇ ತಡಕಾಡಿ ಸರಿ ಮಾಡಿಕೊಂಡೇ ಮುಂದೆ ಹೋಗಬೇಕು.

ಇದೆಲ್ಲಾ ಮುಗಿದ ಮೇಲೆ ನೇಯುವುದು ಶುರು. ಮಗ್ಗಕ್ಕೆ ಮುಂಚಿನ ಈ ಕೆಲಸ, ಎಂದರೆ ನೂಲು ಸುತ್ತುವುದು, ಹಾಸು ಮಾಡುವುದು ಇಂಥದ್ದೆಲ್ಲ, ಬಹುಪಾಲು ಮನೆಯ ಹೆಂಗಸರದು. ಸೀರೆ ನೇಯ್ದವರು ಯಾರು ಅಂತ ಕೇಳಿದರೆ ನಾವು ಮಗ್ಗದಲ್ಲಿ ಕೂತವರ ಕಡೆಗಷ್ಟೇ ಕೈ ತೋರಿಸುತ್ತೇವೆ, ಅಲ್ವಾ? ಹೆಂಗಸರ ಈ ಕೆಲಸಾನೂ ಆ ಲೆಕ್ಕಕ್ಕೆ ಸೇರಬೇಕು.

ಸರಿ, ಇಷ್ಟು ಕಷ್ಟ ಯಾಕೆ? ನೀಲಿ ಹಾಸನ್ನೇ ಮುಂದುವರಿಸಿ, ಸೆರಗಿಗೆ ಬಂದಾಗ ಕೆಂಪು ಹೊಕ್ಕು ಹಾಕಿದರೆ ಸಾಲದಾ?

(ಶಾಟ್: ಎರಡು ತುಂಡು ಬಟ್ಟೆ ಪಕ್ಕಪಕ್ಕ.)

ಎಡಗಡೆ ತುಂಡು ನೋಡಿ. ಇದು ಹಾಗೆ ಮಾಡಿದ್ದು. ಹಾಸು ನೀಲಿ, ಹೊಕ್ಕು ಕೆಂಪು. ಕೆಂಪೇನೋ ಇದೆ, ಆದರೆ ಮಂಕು. ಕೆಳಗಿಂದ ನೀಲಿ ಇಣುಕುತ್ತಾ ಇದೆ. ಬಲಗಡೆಯದು ಕೊಂಡಿ ಹಾಕಿದ್ದು: ಹಾಸೂ ಕೆಂಪು, ಹೊಕ್ಕೂ ಕೆಂಪು. ಕುಂಕುಮದ ಭರಣಿ ಮುಚ್ಚಳ ತೆಗೆದ ಹಾಗಿದೆ! ಆ ಒಂದು ಅಚ್ಚ ಕೆಂಪಿಗಾಗಿ ಸಾವಿರಾರು ಕುಣಿಕೆ. ಬಣ್ಣ ಹೀಗೇ ಬರಬೇಕು, ಇದಕ್ಕಿಂತ ಒಂದಿಷ್ಟೂ ಕಮ್ಮಿ ಆಗಬಾರದು ಅಂತ ಯಾರೋ ಹಟ ಹಿಡಿದಿದ್ದಾರೆ. ಚಿತ್ರಕಾರ ಬಣ್ಣಕ್ಕೆ ಹೀಗೆ ಹಟ ಹಿಡಿದರೆ ಕಲೆ ಅಂತೀವಿ. ನೇಕಾರರು ಹಿಡಿದದ್ದೂ ಅದೇ ಹಟ.

ಇನ್ನು ಈ ಕೆಂಪಿನ ಮೇಲಿನ ಬಿಳಿ ಹಲ್ಲುಗಳು. ಇದು ತೋಪು ತೆನೆ ಸೆರಗು. ಕೆಲವರು ತೋಪುತೆನಿ ಅಂತಾರೆ. ಮೂರು ಕಡೆ ಕೆಂಪು ಪಟ್ಟಿ, ನಡುವೆ ಎರಡು ಕಡೆ ಬಿಳಿ. ಬಿಳಿ ಕೆಂಪಿಗೆ ತಾಗುವಲ್ಲಿ ಹಲ್ಲು ಹಲ್ಲಾಗಿ ಒಂದರೊಳಗೊಂದು ಹೊಕ್ಕಿರುತ್ತದೆ. ಕೆಲವರಿಗೆ ಇದು ಗುಡಿಯ ಗೋಪುರ. ಆದರೆ ನನಗೆ ತೆನೆ ಅನ್ನುವ ಪದವೇ ಬಹಳ ಇಷ್ಟ. ಕನ್ನಡದಲ್ಲಿ ಜೋಳದ ತೆನೆಯೂ ತೆನೆಯೇ, ಕೋಟೆ ಗೋಡೆಯ ಮೇಲೆ ಸಾಲಾಗಿ ಏಳುವ ಹಲ್ಲುಗಳೂ ತೆನೆಯೇ. ಸೆರಗನ್ನು ಹೀಗೆ ಹಿಡಿದರೆ ಹೊಲ ಕಾಣುತ್ತದೆ, ಹಾಗೆ ತಿರುಗಿಸಿದರೆ ಕೋಟೆ. ಬಾಗಲಕೋಟೆ ಸೀಮೆಯವರಿಗೆ ಎರಡೂ ಕಣ್ಣೆದುರೇ ಇದ್ದವು.

ಇದು ಉಡುವ ಚಿತ್ರ ಅನ್ನುವುದನ್ನೂ ಮರೆಯಬೇಡಿ. ನಮ್ಮ ಕಡೆ ಸೆರಗು ತಲೆ ಮೇಲೆ ಹೊದೆಯುತ್ತಾರೆ. ಸಂತೆಯಲ್ಲಿ ನೂರು ಜನರ ನಡುವೆ ಮೊದಲು ಕಾಣುವುದು ತಲೆ ಮೇಲಿನ ಆ ಕೆಂಪು. ಕೆಳಗೆ ಅಗಲವಾದ ದಡಿ. ಒಳಗೆ ಗುಳೇದಗುಡ್ಡದ ಖಣದ ಕುಬಸ, ಅಂದರೆ ಖಣ ಅನ್ನುವ ಬಟ್ಟೆಯ ರವಿಕೆ. ಖಣದ ಕಥೆ ಇನ್ನೊಂದು ವಿಡಿಯೋಗೆ ಇಟ್ಟುಕೊಳ್ಳುತ್ತೇನೆ, ಅದು ಸಣ್ಣದಲ್ಲ.

(ಶಾಟ್: ಕಪ್ಪು ಸೀರೆಯ ಮೇಲೆ ಕಸೂತಿ. ಸೂಜಿ ಹತ್ತಿರದಿಂದ.)

ಈಗ ಧಾರವಾಡದ ಕಡೆ ಹೋಗೋಣ. ಇದು ಚಂದ್ರಕಾಳಿ ಸೀರೆ, ಕಪ್ಪು ಒಡಲು. ಮದುವಣಗಿತ್ತಿಗೆ ಇದರ ಮೇಲೆ ಕಸೂತಿ ಹಾಕಿ ಕೊಡುತ್ತಿದ್ದರು. ಅಂಬಾರಿ ಆನೆ, ತೇರು, ತುಳಸಿಕಟ್ಟೆ, ನವಿಲು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ನಾಲ್ಕನ್ನೂ ಹೇಳುತ್ತಾ ಕೂತರೆ ಸಂಜೆ ಆಗುತ್ತದೆ, ಗವಂತಿ ಒಂದನ್ನೇ ನೋಡೋಣ.

ಬಟ್ಟೆ ಮೇಲೆ ಗೆರೆ ಎಳೆಯುವ ಹಾಗಿಲ್ಲ, ಅಚ್ಚು ಒತ್ತುವ ಹಾಗಿಲ್ಲ. ಎಳೆ ಎಣಿಸಬೇಕು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಮತ್ತೆ ನಾಲ್ಕು ಮೇಲೆ. ಹೀಗೆ ಹೋಗುವಾಗ ಅರ್ಧ ಗೆರೆ ಮಾತ್ರ ಮೂಡುತ್ತದೆ, ಬಿಟ್ಟು ಬಿಟ್ಟು. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕಬಾರದು, ಮೊದಲೂ ಇಲ್ಲ, ಕೊನೆಗೂ ಇಲ್ಲ. ಸರಿಯಾಗಿ ಬಂದರೆ ಬಟ್ಟೆಯ ಮುಂದೂ ಅದೇ ಚಿತ್ರ, ಹಿಂದೂ ಅದೇ ಚಿತ್ರ. ಹೋಗುವಾಗ ಒಂದೇ ಒಂದು ಎಳೆ ಲೆಕ್ಕ ತಪ್ಪಿದರೆ ಬರುವಾಗ ಗೆರೆ ಕೂಡಲ್ಲ, ಬಿಚ್ಚಬೇಕು. ನಾನು ಕಲಿಯಲು ಕೂತ ಮೊದಲ ವಾರ ಒಂದು ಗೋಪುರವನ್ನು ಆರು ಸಲ ಬಿಚ್ಚಿದೆ. ಎಲ್ಲಿ ಹೋಗಿ ಎಲ್ಲಿ ತಿರುಗಬೇಕು ಅನ್ನುವುದು ಮೊದಲೇ ತಲೆಯಲ್ಲಿ ಇರಬೇಕು, ಕಾಗದದ ಮೇಲಲ್ಲ.

(ಶಾಟ್: ರಾಣಿಯ ಚಿತ್ರ. ಕ್ಯಾಮೆರಾ ಮುಖ ಬಿಟ್ಟು ಮುಂಗೈಗೆ ಇಳಿಯುತ್ತದೆ.)

ಈಕೆ ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್, ಎಂಟನೇ ಹೆನ್ರಿಯ ಮೂರನೇ ಹೆಂಡತಿ. ಚಿತ್ರ ಬರೆದವರು ಹಾನ್ಸ್ ಹೋಲ್ಬೀನ್, 1536ರ ಹೊತ್ತಿಗೆ. ಇದು ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಮುಖ ಆಮೇಲೆ ನೋಡೋಣ, ತೋಳಿನ ತುದಿ ನೋಡಿ. ಬಿಳಿ ಬಟ್ಟೆ, ಕಪ್ಪು ದಾರ, ಲೆಕ್ಕ ಹಿಡಿದು ಹಾಕಿದ ಕಸೂತಿ. ಯುರೋಪಿನಲ್ಲೂ ಹೀಗೇ ಹೋಗುತ್ತಾ ಅರ್ಧ, ಬರುತ್ತಾ ಅರ್ಧ ಹಾಕುವ ಹೊಲಿಗೆ ಇತ್ತು. ಅದರ ಹೆಸರು ಏನು ಗೊತ್ತಾ? ಹೋಲ್ಬೀನ್ ಹೊಲಿಗೆ. ಚಿತ್ರದಲ್ಲಿ ಅದನ್ನು ಬರೆದವರ ಹೆಸರು! ಹೋಲ್ಬೀನ್ ದೊಡ್ಡ ಚಿತ್ರಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಳೆ ಎಣಿಸಿ ಆ ತೋಳಿಗೆ ಕಸೂತಿ ಹಾಕಿದ ಕೈಯ ಹೆಸರು ಹೊಲಿಗೆಗೆ ಸಿಗಲಿಲ್ಲ, ಅದನ್ನು ನೋಡಿ ಬರೆದ ಕೈಯ ಹೆಸರು ಸಿಕ್ಕಿತು. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ನಮ್ಮಲ್ಲೂ ಅಷ್ಟೇ. ವಿಜಯನಗರದ ಕಾಲದ ಬಟ್ಟೆ ನೋಡಬೇಕು ಅಂದರೆ ಎಲ್ಲಿಗೆ ಹೋಗುತ್ತೇವೆ? ಲೇಪಾಕ್ಷಿಗೆ. ವೀರಭದ್ರ ಗುಡಿಯ ಛಾವಣಿ ನೋಡಲು ಕತ್ತು ನೋಯುವ ತನಕ ತಲೆ ಎತ್ತಿ ನಿಲ್ಲಬೇಕು. 16ನೇ ಶತಮಾನದ ಚಿತ್ರಗಳು, ಒಬ್ಬೊಬ್ಬರದೂ ಒಂದೊಂದು ಬಗೆ ಸೀರೆ. ಪಟ್ಟೆ, ಚೌಕುಳಿ, ಹೂವು. ಬಟ್ಟೆ ಹೋಯಿತು, ಬಟ್ಟೆಯ ಚಿತ್ರ ಉಳಿಯಿತು.

ಬಟ್ಟೆ ಹೋಗದೆ ಇನ್ನೇನು ಮಾಡೀತು? ಕಲ್ಲಿನ ಹಾಗೆ ಒಂದು ಕಡೆ ನಿಲ್ಲುವಂಥದ್ದಲ್ಲ ಅದು. ಉಡುತ್ತೇವೆ, ಬಡಿದು ಒಗೆಯುತ್ತೇವೆ, ಅದರಲ್ಲೇ ಮಗುವಿಗೆ ಜೋಳಿಗೆ ಕಟ್ಟುತ್ತೇವೆ. ಹರಿದ ಮೇಲೆ ಕೌದಿ ಹೊಲಿಯುತ್ತೇವೆ.

(ಶಾಟ್: ಅಂಗಡಿಯ ಸೀರೆ, ಸೆರಗಿನ ಹಿಂಬದಿ.)

ಕೊನೆಗೆ ಒಂದು ಉಪಯೋಗದ ಮಾತು. ಹೋದ ವರ್ಷ ಒಂದು ಅಂಗಡಿಯಲ್ಲಿ ಕೈಮಗ್ಗದ ಇಳಕಲ್ ಅಂತ ಹೇಳಿ ನನಗೆ ಇದನ್ನು ಕೊಟ್ಟರು. ನಂಬಿ ತಂದೆ. ಒಡಲು ಮುಗಿದು ಸೆರಗು ಶುರುವಾಗುವ ಜಾಗ ಸವರಿದೆ, ಬೆರಳಿಗೆ ಏನೂ ಸಿಗಲಿಲ್ಲ. ಬೆಳಕಿಗೆ ಹಿಡಿದೆ, ಕೆಂಪಿನೊಳಗೆ ಒಡಲಿನ ಬಣ್ಣದ ಎಳೆಗಳು ಸಾಲಾಗಿ ಕಂಡವು. ಕೊಂಡಿ ಇಲ್ಲ. ಇಳಕಲ್ ಸೀರೆಗೂ ಕಸೂತಿಗೂ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ, ಆದರೆ ಅಂಗಡಿಯಲ್ಲಿ ನಿಂತಾಗ ನಿಮಗೆ ಆಗಿಬರುವುದು ನಿಮ್ಮ ಬೆರಳೇ. ಪವರ್‌ಲೂಮ್ ಸೀರೆ ಕೊಳ್ಳಬೇಡಿ ಅಂತ ನಾನು ಹೇಳಲ್ಲ, ಎಲ್ಲರ ಕೈಯಲ್ಲೂ ಅಷ್ಟು ದುಡ್ಡು ಇರಲ್ಲ. ಆದರೆ ಕೈಮಗ್ಗದ ಬೆಲೆ ಕೊಡುವಾಗ ಕೊಂಡಿ ಇದೆಯಾ ನೋಡಿ, ಏಕೆಂದರೆ ಆ ಕುಣಿಕೆಗಳನ್ನು ಹಾಕಿದವರಿಗೆ ಸೇರಬೇಕಾದ ದುಡ್ಡು ಅದು.

(ಶಾಟ್: ಹಳೆಯ ಕೌದಿ. ತುಂಡುಗಳ ನಡುವೆ ಮಾಸಿದ ಕೆಂಪು.)

ಇದು ಅಜ್ಜಿ ಹೊಲಿದ ಕೌದಿ. ಈ ಮೂಲೆಯಲ್ಲಿ ಇರುವುದು ಅವರ ಇನ್ನೊಂದು ಇಳಕಲ್ ಸೀರೆಯ ತುಂಡು. ನೀಲಿ ಸವೆದು ಜಾಳಾಗಿದೆ. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಇಲ್ಲಿ, ಬೆರಳು ಇಟ್ಟಿದ್ದೀನಲ್ಲ, ಕೊಂಡಿ ಇನ್ನೂ ಇದೆ.

ನಿಮ್ಮ ಮನೆ ಟ್ರಂಕಿನಲ್ಲೂ ಒಂದು ಇರಬಹುದು. ತೆಗೆದು ಸೆರಗಿನ ಫೋಟೋ ಕಳಿಸಿ, ಆ ಸೆರಗಿಗೆ ನಿಮ್ಮ ಅಜ್ಜಿ ಏನಂತ ಕರೀತಿದ್ದರು ಅನ್ನೋದನ್ನೂ ಬರೆಯಿರಿ.