ಟ್ಯಾಂಕಿನ ಮೇಲೊಂದು ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೂಸರ್ ಬೈಕಿನಲ್ಲಿ ಸೀಟು ತಗ್ಗು, ಹ್ಯಾಂಡಲ್ ಅಗಲ. ನಡುವೆ ಕಣ್ಣ ಕೆಳಗೇ ಪೆಟ್ರೋಲ್ ಟ್ಯಾಂಕು, ಮುಂದೆ ದುಂಡಗೆ, ಹಿಂದಕ್ಕೆ ಸಣ್ಣಗಾಗುತ್ತಾ ನೀರಹನಿಯ ಹಾಗೆ. ಗಾಡಿಯ ಮುಖ ಅಂದರೆ ಅದೇ. ಹಾರ್ಲೆ ಡೇವಿಡ್‌ಸನ್ ಕಂಪನಿ 1933ರಲ್ಲೇ ಟ್ಯಾಂಕಿನ ಮೇಲೆ ಹದ್ದನ್ನು ಕೂರಿಸಿತ್ತು. ಚೆನ್ನೈನಲ್ಲಿ ಬುಲೆಟ್ಟಿನ ಬಂಗಾರದ ಗೆರೆಗಳನ್ನು ಕೈಯಲ್ಲೇ ಎಳೆಯುತ್ತಾ ಬಂದಿದ್ದಾರೆ. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಗಾಡಿಯ ಮರೂನ್ ಟ್ಯಾಂಕನ್ನು ಹಾಸನದ ಹಿರಿಯರು ಈಗಲೂ ನೆನೆಯುತ್ತಾರೆ.

ನನ್ನ ಹಳೆಯ ಅವೆಂಜರ್‌ಗೆ ಬಣ್ಣ ಹೊಡೆಸಲು ನಾನು ಹೊರಟಿದ್ದು ಆಷಾಢದಲ್ಲಿ, ಸಕಲೇಶಪುರದ ಕಡೆ. ಎರಡೇ ದಿನದ ಕೆಲಸ ಅಂದರು, ಒಪ್ಪಿದೆ. ಸಂಜೆ ಹೋಗಿ ನೋಡಿದರೆ ಕಪ್ಪು ಟ್ಯಾಂಕಿನ ಮೇಲೆ ಕೆನೆ ಕಟ್ಟಿದಂತೆ ಬಿಳಿ ಮಂಕು. ಬಣ್ಣ ತೆಳುವಾಗಿಸಲು ಬೆರೆಸುವ ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ತೇವ ಆ ಹಸಿ ಬಣ್ಣದ ಮೇಲೆ ಕೂತುಬಿಡುತ್ತದೆ. ತುಂಬಾ ಸಂಕಟವಾಯಿತು.

ಹಾಸನದ ಹಿರಿಯ ಪೇಂಟರ್ ಒಬ್ಬರು ಅದನ್ನು ನೋಡಿ, "ಬಿಸಿಲು ಕಾಯ್ಲಿ ತಮ್ಮ, ಶಿವರಾತ್ರಿ ಕಳೆದ್ಮೇಲೆ ಬಾ" ಅಂದರು. ಹಾಗೇ ಹೋದೆ. ಹಳೆ ಬಣ್ಣವನ್ನೆಲ್ಲ ತಗಡು ಕಾಣುವವರೆಗೆ ಕೆರೆದರು. ನೆಗ್ಗಿದ ಕಡೆ ತೆಳುವಾಗಿ ಪುಟ್ಟಿ ತುಂಬಿ, ಮೇಲೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್. ನನ್ನ ಕೈ ತೊಳೆಸಿ, ಕಣ್ಣು ಮುಚ್ಚಿಸಿ, ಟ್ಯಾಂಕಿನ ಮೇಲೆ ಅಂಗೈ ಆಡಿಸಲು ಹೇಳಿದರು. ನುಣ್ಣಗಿದೆ ಅಂದುಕೊಂಡಿದ್ದ ಜಾಗದಲ್ಲಿ ಒಂದು ಸಣ್ಣ ಕುಳಿ ಸಿಕ್ಕಿತು! ಬಣ್ಣಕ್ಕೆ ಮುಂಚಿನ ಪ್ರೈಮರ್ ಹೊಡೆದದ್ದು ಮಾರನೆಯ ದಿನ.

ಕಂಪನಿಯ ಹೆಸರಿರುವ ಮೊನೊಗ್ರಾಂ ಜಾಗಕ್ಕೆ ಸ್ಟಿಕ್ಕರ್ ಬೇಡವೆಂದೆ. ಬೇಲೂರು ದೇವಸ್ಥಾನದ ಬಾಗಿಲ ಪಕ್ಕದಲ್ಲಿ ಸಿಂಹದ ಜೊತೆ ಹೋರಾಡುತ್ತಾ ನಿಂತಿದ್ದಾನಲ್ಲ ಸಳ, ಅವನನ್ನು ಬರೆದುಕೊಡಿ ಎಂದು ಕೇಳಿದೆ. ಅವರು ಬರೆದದ್ದು ಬರೀ ಹೊರಗೆರೆ: ಸಿಂಹದ ಎತ್ತಿದ ಪಂಜ, ಸಳನ ಬಾಗಿದ ಬೆನ್ನು. ಕಿರುಬೆರಳನ್ನು ಟ್ಯಾಂಕಿಗೆ ಊರಿ, ಉಸಿರು ಬಿಗಿಹಿಡಿದು, ಉದ್ದ ಕೂದಲಿನ ಕುಂಚವನ್ನು ಒಂದೇ ಎಳೆತಕ್ಕೆ ಎಳೆದರು. ಎಡಗಡೆ ಮುಗಿದದ್ದು ಅರ್ಧ ಗಂಟೆಯಲ್ಲಿ. ಬಲಗಡೆ ಅದಕ್ಕೆ ಜೋಡಿ ಮಾಡಲು ಇಡೀ ಮಧ್ಯಾಹ್ನ ಹಿಡಿಯಿತು, ಎರಡು ಸಲ ಒರೆಸಿ ಮತ್ತೆ ಬರೆದರು.

ಕೊನೆಗೆ ಬಣ್ಣದ ಮೇಲೆ ಹೊಡೆಯುವ, ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್‌ನಲ್ಲಿ ಹಾರ್ಡ್‌ನರ್ ಬೆರೆಸಿ ಗಟ್ಟಿಯಾಗಿಸುವ ಟೂ-ಕೆ ಜಾತಿಯದನ್ನೇ ಕೇಳಿ, ಅದು ಪೆಟ್ರೋಲಿಗೆ ತಡೆಯುತ್ತದೆ. ಆದರೆ ಆ ಹಾರ್ಡ್‌ನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ತರಿಸುತ್ತದೆ. ನಮ್ಮ ಪೇಂಟರ್‌ಗಳು ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವುದನ್ನು ಕಂಡರೆ ಭಯವಾಗುತ್ತದೆ. ಅಣ್ಣಂದಿರೇ, ದಯವಿಟ್ಟು ಸರಿಯಾದ ಮಾಸ್ಕ್ ಹಾಕಿಕೊಳ್ಳಿ. ಮಾಲೀಕರೇ, ಗಾಡಿಯ ಮೂಲ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲೂ ಬದಲಿಸಿಕೊಳ್ಳಿ.

ಮೊನ್ನೆ ಬಂಕಿನಲ್ಲಿ ಹುಡುಗನ ಕೈ ತಪ್ಪಿ ಪೆಟ್ರೋಲ್ ಚೆಲ್ಲಿತು, ಸಳನ ಬೆನ್ನ ಮೇಲೇ ಇಳಿಯಿತು. ಎದೆ ಧಸಕ್ಕೆಂದಿತು. ಬಟ್ಟೆ ತೆಗೆದು ಒರೆಸಿದೆ. ಗೆರೆ ಇದ್ದ ಹಾಗೇ ಇತ್ತು.

ನಮಸ್ಕಾರ.