ತಿರುಗಿ ಪ್ರಶ್ನೆ ಕೇಳುವ ಯಂತ್ರ

ಕೇಳುಗರಿಗೆ ನಮಸ್ಕಾರ.

ನನ್ನ ಗ್ರಾಫಿಂಗ್ ಕ್ಯಾಲ್ಕುಲೇಟರ್ ಹೋದ ತಿಂಗಳು ಕಣ್ಣು ಮುಚ್ಚಿತು. ಅಕ್ಕ ಅಮೆರಿಕದಿಂದ ತಂದುಕೊಟ್ಟಿದ್ದು. ನಾಲ್ಕು ಸಣ್ಣ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಓಡುತ್ತಿತ್ತು. ಪರದೆಯಲ್ಲಿ ಎಡದಿಂದ ಬಲಕ್ಕೆ 96 ಚುಕ್ಕಿ, ಮೇಲಿಂದ ಕೆಳಕ್ಕೆ 64. ಅಷ್ಟರಲ್ಲೇ ಸೈನ್ ಅಲೆ ಬಿಡಿಸುತ್ತಿತ್ತು, ಚುಕ್ಕಿ ರಂಗೋಲಿಯ ಹಾಗೆ. ಹೊಸದರ ಬೆಲೆ ವಿಚಾರಿಸಿ ಸುಮ್ನೆ ವಾಪಸ್ ಬಂದೆ.

ಮಗಳು ಲ್ಯಾಪ್‌ಟಾಪಿಗೆ ಮ್ಯಾಕ್ಸಿಮಾ ಅನ್ನುವ ಗಣಿತದ ಸಾಫ್ಟ್‌ವೇರ್ ಹಾಕಿಕೊಟ್ಟಳು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇದರ ಮೂಲ 1968ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ, ಮ್ಯಾಕ್ಸಿಮಾದ ಹಿರಿಯಣ್ಣ ಮ್ಯಾಕ್‌ಸಿಮಾ! ಹೆಸರು ಹೇಳುವಾಗ ನನಗೂ ನಾಲಿಗೆ ತೊಡರುತ್ತದೆ. ಟೆಕ್ಸಾಸಿನ ಗಣಿತದ ಮೇಷ್ಟ್ರು ವಿಲಿಯಂ ಶೆಲ್ಟರ್ 1982ರಿಂದ ಅದರ ಒಂದು ಪ್ರತಿಯನ್ನು ಸಾಕಿ, 1998ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆದು ಎಲ್ಲರಿಗೂ ಬಿಟ್ಟುಕೊಟ್ಟರು; ಅದೇ ಈ ಮ್ಯಾಕ್ಸಿಮಾ. ಮೂರೇ ವರ್ಷಕ್ಕೆ ತೀರಿಕೊಂಡರು.

ಮೊದಲ ದಿನ ಬರೀ ರಗಳೆ. ಎಂಟರ್ ಒತ್ತಿದರೆ ಹೊಸ ಸಾಲು ಬರುತ್ತದೆ, ಉತ್ತರ ಬರುವುದಿಲ್ಲ. ಶಿಫ್ಟ್ ಹಿಡಿದು ಎಂಟರ್ ಒತ್ತಬೇಕಂತೆ. ಒಂದನ್ನು ಏಳರಿಂದ ಭಾಗಿಸು ಅಂದೆ. ಒಂದು ಬೈ ಏಳು ಅಂತಲೇ ತಿರುಗಿ ಬರೆಯಿತು! ದಶಾಂಶ ಬೇಕಿದ್ದರೆ ಬೇರೆಯಾಗಿ ಕೇಳಬೇಕು. ಆದರೆ ಹಳೇ ಯಂತ್ರ 70ರ ಫ್ಯಾಕ್ಟೋರಿಯಲ್‌ಗೇ, ಅಂದರೆ ಒಂದರಿಂದ 70ರವರೆಗಿನ ಎಲ್ಲ ಸಂಖ್ಯೆ ಗುಣಿಸು ಅಂದರೇನೇ, ಎರರ್ ಅನ್ನುತ್ತಿತ್ತು. ಇದು 100ರದ್ದನ್ನೂ ಮಾಡಿತು. 158 ಅಂಕಿ, ಒಂದನ್ನೂ ಅಂದಾಜು ಮಾಡದೆ.

ನಾನು ಮರುಳಾದದ್ದು ಇಂಟಿಗ್ರೇಷನ್‌ಗೆ, ಅಂದರೆ ಗ್ರಾಫಿನ ಗೆರೆಯ ಕೆಳಗಿನ ವಿಸ್ತೀರ್ಣ ಹುಡುಕುವ ಲೆಕ್ಕಕ್ಕೆ. ಎಕ್ಸ್ ಘಾತ ಎನ್ ಕೊಟ್ಟೆ. ಉತ್ತರದ ಬದಲು ಪ್ರಶ್ನೆ ಬಂತು: ಎನ್ ಅಂದರೆ ಮೈನಸ್ ಒಂದೇ? ಅಲ್ಲ ಅಂದರೆ ಘಾತ ಒಂದು ಹೆಚ್ಚಿಸಿ, ಅದರಿಂದಲೇ ಭಾಗಿಸಿ ಕೊಡುತ್ತದೆ. ಹೌದು ಅಂದರೆ ಲಾಗ್ ಎಕ್ಸ್. ಮೈನಸ್ ಒಂದಾದರೆ ಭಾಗಿಸುವ ಜಾಗದಲ್ಲಿ ಸೊನ್ನೆ ಬಂದುಬಿಡುತ್ತದೆ, ಅಲ್ವಾ? ಪಾಠ ಮಾಡುತ್ತಿದ್ದಾಗ ಈ ಷರತ್ತು ಬರೆಯದ ಮಕ್ಕಳಿಗೆ ಅರ್ಧ ಅಂಕ ಕತ್ತರಿಸುತ್ತಿದ್ದೆ. ಆ ದಿನ ಷರತ್ತು ಮರೆತವನು ನಾನೇ.

ಬೋರ್ಡಿನ ಮುಂದೆ ನಿಂತು ಅಂಗೈಯಲ್ಲೇ ಗ್ರಾಫ್ ನೋಡುವ ಸುಖ ಲ್ಯಾಪ್‌ಟಾಪಿನಲ್ಲಿಲ್ಲ, ನಿಜ. ಹಳೇದನ್ನು ಎಸೆಯಲು ಮನಸ್ಸಾಗದೆ ಡ್ರಾಯರಿನಲ್ಲಿಟ್ಟಿದ್ದೇನೆ. ಅದರ ಎರಡು ಸೆಲ್ ಮಾತ್ರ ಟಿವಿ ರಿಮೋಟಿಗೆ ಹೋದವು.

ನಮಸ್ಕಾರ.